ಸಹಾಯಕನ ಋಣ

ಕೆಲಸ ಕೆಟ್ಟಾಗ ಯಾರನ್ನು ತೆಗೆಯಬೇಕು ಎಂಬುದು ಲೋಕದ ಬಹು ಹಳೆಯ ಪ್ರಶ್ನೆಗಳಲ್ಲಿ ಒಂದು. ಕಚೇರಿಯಲ್ಲಿಯೂ ಮಠದಲ್ಲಿಯೂ ಪಾಠಶಾಲೆಯಲ್ಲಿಯೂ ಅದು ಒಂದಲ್ಲ ಒಂದು ದಿನ ಎದುರಾಗತಕ್ಕದ್ದೇ. ಮೇಲಿನವನು ಹೊಣೆಗಾರ, ಅವನನ್ನು ತೆಗೆಯುವುದು ಕಷ್ಟ. ಕೆಳಗಿನವನು ಕೈಯಾಳು, ಅವನನ್ನು ತೆಗೆಯುವುದು ಸುಲಭ. ಸುಲಭವಾದದ್ದು ನ್ಯಾಯವೂ ಹೌದೆ ಎಂದು ನಿಂತು ವಿಚಾರಿಸುವವರು ವಿರಳ. ಆ ವಿಚಾರವನ್ನು ಸ್ವಲ್ಪಮಟ್ಟಿಗೆ ಮಾಡಿನೋಡುವುದು ಈ ಲೇಖನದ ಉದ್ದೇಶ.

ಪ್ರಶ್ನೆ ನನ್ನ ಬಳಿಗೆ ಬಂದದ್ದು ಮಾತ್ರ ಅನಿರೀಕ್ಷಿತವಾದೊಂದು ದಿಕ್ಕಿನಿಂದ. ಅಮೆರಿಕದಲ್ಲಿ ಓದುತ್ತಿರುವ ನನ್ನ ಸೋದರಳಿಯ ರಜೆಗೆ ಊರಿಗೆ ಬಂದಿದ್ದವನು, ಒಂದು ಸಂಜೆ ಜಗಲಿಯ ಮೇಲೆ ಕುಳಿತು ಅಲ್ಲಿಯ ಕಾಲೇಜುಗಳ ಫುಟ್‌ಬಾಲಿನ ಸಂಗತಿ ಹೇಳುತ್ತಿದ್ದ. "ಮಾವ, 2023ರಲ್ಲಿ ಅಯೋವಾ ವಿಶ್ವವಿದ್ಯಾನಿಲಯದವರು ಹತ್ತು ಪಂದ್ಯ ಗೆದ್ದರು. ಗೆಲ್ಲುತ್ತಿದ್ದಾಗಲೇ ಒಬ್ಬ ಸಹಾಯಕ ಕೋಚಿಗೆ, ಮುಂದಿನ ವರ್ಷ ನೀವು ಬೇಡ ಎಂದುಬಿಟ್ಟರು" ಎಂದ. ಬಾಗಿಲ ಬಳಿ ಹೂ ಕಟ್ಟುತ್ತಿದ್ದ ನನ್ನ ತಾಯಿ ತಲೆಯೆತ್ತಿ, "ಗೆದ್ದರೂ ತೆಗೆದರೇನೋ? ಅವನೇನು ತಪ್ಪು ಮಾಡಿದ್ದ?" ಎಂದು ಕೇಳಿದರು. "ತಪ್ಪೇನೂ ಇಲ್ಲ ಅಜ್ಜಿ, ಲೆಕ್ಕ ತುಂಬಲಿಲ್ಲ" ಎಂದು ಅವನು ನಕ್ಕ. ಅವನ ಉತ್ತರವೂ ಅವರ ಪ್ರಶ್ನೆಯೂ ಆ ರಾತ್ರಿ ನನ್ನನ್ನು ಬಿಡಲಿಲ್ಲ. ಅನಂತರ ಆ ಆಟದ ವ್ಯವಸ್ಥೆಯನ್ನು ಕುರಿತು ಓದಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ಅಲ್ಲಿ ಫುಟ್‌ಬಾಲೆಂದರೆ ನಮ್ಮ ಹುಡುಗರು ಕಾಲಿನಿಂದ ಒದ್ದು ಆಡುವ ಚೆಂಡಾಟವಲ್ಲ. ಮೊಟ್ಟೆಯ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೋ, ಒಬ್ಬನಿಂದೊಬ್ಬನಿಗೆ ಎಸೆದೋ, ಎದುರಾಳಿಗಳ ಸಾಲನ್ನು ಭೇದಿಸಿಕೊಂಡು ಮುನ್ನಡೆಯುವ ಆಟ. ಕಾಲೇಜುಗಳ ನಡುವೆ ಇದರ ಮೊದಲನೆಯ ಪಂದ್ಯವೆಂದು ಎಣಿಸಲ್ಪಟ್ಟಿರುವುದು 1869ನೆಯ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳವರು ಆಡಿದ್ದು. ಅಂದು ಒಂದೊಂದು ಪಕ್ಷಕ್ಕೆ 25 ಮಂದಿ ಇದ್ದರು, ಇಂದು 11. ಆದರೆ ಆಕ್ರಮಿಸುವಾಗ ಆಡುವ ಹನ್ನೊಂದು ಮಂದಿ ಬೇರೆ, ತಡೆಯುವಾಗ ಆಡುವ ಹನ್ನೊಂದು ಮಂದಿ ಬೇರೆ. ಒಬ್ಬೊಬ್ಬನ ಸ್ಥಾನಕ್ಕೂ ಪ್ರತ್ಯೇಕವಾದ ವಿದ್ಯೆಯುಂಟು. ಲಕ್ಷಕ್ಕೂ ಮೇಲ್ಪಟ್ಟು ಜನ ಕುಳಿತು ನೋಡುವಂಥ ಕ್ರೀಡಾಂಗಣಗಳು ಅಲ್ಲಿ ವಿಶ್ವವಿದ್ಯಾನಿಲಯಗಳಿಗೇ ಸೇರಿವೆ.

ಇಂಥ ಆಟವನ್ನು ಒಬ್ಬನೇ ಕಲಿಸಲಾರ. ಆದ್ದರಿಂದ ಮುಖ್ಯ ಶಿಕ್ಷಕನ ಕೈಕೆಳಗೆ ಸಹಾಯಕ ಶಿಕ್ಷಕರ ಒಂದು ಪರಿವಾರವೇ ಇರುತ್ತದೆ. ಆಕ್ರಮಣದ ಯೋಜನೆಗೆ ಒಬ್ಬ ಸಂಯೋಜಕ, ರಕ್ಷಣೆಯ ಯೋಜನೆಗೆ ಒಬ್ಬ ಸಂಯೋಜಕ. ಅವರ ಕೆಳಗೆ ಓಡುವವರನ್ನು ತಿದ್ದುವವನು, ಚೆಂಡು ಹಿಡಿಯುವವರನ್ನು ತಿದ್ದುವವನು, ಮುಂದಿನ ಸಾಲಿನಲ್ಲಿ ಎದೆಗೊಟ್ಟು ನಿಲ್ಲುವವರನ್ನು ತಿದ್ದುವವನು, ಹೀಗೆ. ದೇಶದ ಕಾಲೇಜು ಆಟಗಳನ್ನು ಆಳುವ ಎನ್. ಸಿ. ಎ. ಎ. ಎಂಬ ಸಂಘವು ಅತ್ಯುನ್ನತ ಶ್ರೇಣಿಯ ತಂಡಗಳಿಗೆ ಒಂಬತ್ತು ಸಹಾಯಕರೆಂದು ಇಟ್ಟಿದ್ದ ಮಿತಿಯನ್ನು 2018ರ ಜನವರಿಯಲ್ಲಿ ಹತ್ತಕ್ಕೆ ಏರಿಸಿತು. 2024ರಲ್ಲಿ, ತಂಡದ ನೌಕರವರ್ಗದಲ್ಲಿ ಯಾರು ಬೇಕಾದರೂ ಮೈದಾನದಲ್ಲಿ ಪಾಠ ಹೇಳಬಹುದೆಂದು ಆ ನಿರ್ಬಂಧವನ್ನೇ ಸಡಲಿಸಿತು. ಇವರೆಲ್ಲರಿಗಿಂತ ಕೆಳಗೆ, ಪದವಿ ಮುಗಿಸಿ ಮುಂದಿನ ತರಗತಿಗೆ ಸೇರಿ, ಶುಲ್ಕದ ಮಾಫಿಗೂ ಅಲ್ಪ ವೇತನಕ್ಕೂ ದುಡಿಯುವ ಎಳೆಯ ಸಹಾಯಕರಿದ್ದಾರೆ. ಸಂಯೋಜಕರಲ್ಲಿ ಕೆಲವರ ವಾರ್ಷಿಕ ಸಂಬಳ 20 ಲಕ್ಷ ಡಾಲರನ್ನು ಮೀರಿದ್ದುಂಟು. ಒಂದೇ ಮೈದಾನದಲ್ಲಿ, ಒಂದೇ ಬಿಸಿಲಿನಲ್ಲಿ ನಿಂತವರ ನಡುವಣ ಅಂತರ ಇಷ್ಟು.

ಇವರಿಗೆಲ್ಲ ಒಂದು ಮಾತ್ರ ಸಮಾನ. ಇವರು ಮುಖ್ಯ ಶಿಕ್ಷಕನ ಮೂಲಕ ಬರುತ್ತಾರೆ; ಬಹುಮಟ್ಟಿಗೆ ಅವನೊಡನೆಯೇ ಹೋಗುತ್ತಾರೆ. ಅವನು ಬೇರೆಡೆಗೆ ಹೋದರೆ ಹೊಸಬನು ತನ್ನ ಪರಿವಾರವನ್ನು ತರುತ್ತಾನೆ. ಹಳಬರು ಗಂಟು ಕಟ್ಟಬೇಕು. 2024ನೆಯ ಜನವರಿ 10ರಂದು ಅಲಬಾಮಾದ ಪ್ರಖ್ಯಾತ ಮುಖ್ಯ ಶಿಕ್ಷಕ ನಿಕ್ ಸೇಬನ್ ನಿವೃತ್ತಿಯನ್ನು ಪ್ರಕಟಿಸಿದರು. ಎರಡು ದಿನಗಳಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಕೇಲನ್ ಡಿಬೋರ್ ಅಲ್ಲಿಗೆ ಬಂದರು. ಅವರು ತೆರವು ಮಾಡಿದ ಸ್ಥಾನಕ್ಕೆ ಅರಿಜೋನಾದಿಂದ ಜೆಡ್ ಫಿಶ್ ಹೋದರು. ಅರಿಜೋನಾಕ್ಕೆ ಸಾನ್ ಹೋಸೆಯಿಂದ ಬ್ರೆಂಟ್ ಬ್ರೆನ್ನನ್ ಹೋದರು. ಸಾನ್ ಹೋಸೆಗೆ ಇನ್ನೊಬ್ಬರನ್ನು ಹುಡುಕಬೇಕಾಯಿತು. ಒಬ್ಬ ಹಿರಿಯರ ವಿಶ್ರಾಂತಿಯಿಂದ ಒಂದೇ ತಿಂಗಳೊಳಗಾಗಿ ನಾಲ್ಕು ಊರುಗಳ ಸಹಾಯಕರ ಸಂಸಾರಗಳು ಅಲುಗಾಡಿದವು. ಪತ್ರಿಕೆಗಳಲ್ಲಿ ಅಚ್ಚಾದದ್ದು ನಾಲ್ವರ ಹೆಸರು. ಮನೆ ಖಾಲಿ ಮಾಡಿ, ಮಕ್ಕಳನ್ನು ಶಾಲೆಯಿಂದ ಬಿಡಿಸಿ ಹೊರಟವರ ಹೆಸರು ಬಹುಮಟ್ಟಿಗೆ ಅಚ್ಚಾಗಲಿಲ್ಲ.

ಇಂತಿರಲು, ಸಹಾಯಕನನ್ನು ತೆಗೆಯುವುದರಲ್ಲಿ ಧರ್ಮವೇನು, ಅಧರ್ಮವೇನು? ಈ ವಿಷಯದಲ್ಲಿ ಮೂರು ಬಗೆಯ ವಾದಗಳನ್ನು ಕೇಳಬಹುದು. ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ಕರಾರಿನ ವಾದ. "ಸಹಾಯಕನು ಎಳೆಯ ಮಗುವಲ್ಲ. ಕೆಲಸ ಅಸ್ಥಿರವೆಂದು ತಿಳಿದೇ ಸೇರಿದ್ದಾನೆ. ಕರಾರಿನ ಅವಧಿ ಮುಗಿದರೆ, ಇಲ್ಲವೆ ಅವಧಿಗೆ ಮೊದಲು ಬಿಡಿಸಿ ಕರಾರಿನಂತೆ ಸಲ್ಲತಕ್ಕ ಹಣವನ್ನು ಸಲ್ಲಿಸಿದರೆ, ಋಣ ತೀರಿತು." ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಕರಾರು ಹೇಳುವುದು ಒಬ್ಬನನ್ನು ಯಾವಾಗ ತೆಗೆಯಬಹುದು ಎಂಬುದನ್ನು; ಏತಕ್ಕಾಗಿ ತೆಗೆಯುವುದು ಯೋಗ್ಯ ಎಂಬುದನ್ನಲ್ಲ. ಕಾನೂನು ಅಡ್ಡಿ ಮಾಡದ ಕೆಲಸಗಳೆಲ್ಲವೂ ಸಜ್ಜನರು ಮಾಡತಕ್ಕ ಕೆಲಸಗಳಾಗಿದ್ದರೆ ಧರ್ಮವಿಚಾರವೇ ಬೇಕಿರಲಿಲ್ಲ.

ಎರಡನೆಯದು ನಿಷ್ಠೆಯ ವಾದ. "ನನ್ನೊಡನೆ ಕಷ್ಟಪಟ್ಟವನನ್ನು ನಾನು ಕೈಬಿಡಬಾರದು." ಇದಕ್ಕೆ ಉದಾಹರಣೆಯಾಗಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾನಿಲಯದ ಬಾಬಿ ಬೌಡನ್ ಮತ್ತು ಅವರ ರಕ್ಷಣಾ ಸಂಯೋಜಕ ಮಿಕಿ ಆಂಡ್ರೂಸರನ್ನು ಹೇಳಬಹುದು. ಆಂಡ್ರೂಸರು 1984ರಿಂದ 2009ರ ವರೆಗೆ 26 ಋತುಗಳ ಕಾಲ ಆ ಒಬ್ಬ ಮುಖ್ಯರ ಕೈಕೆಳಗೇ ದುಡಿದರು. 1993ರಲ್ಲಿಯೂ 1999ರಲ್ಲಿಯೂ ಅವರ ತಂಡ ರಾಷ್ಟ್ರದ ಅಗ್ರಸ್ಥಾನವನ್ನು ಗಳಿಸಿತು. ಇಬ್ಬರೂ ಒಂದೇ ಋತುವಿನ ಕೊನೆಯಲ್ಲಿ ನಿವೃತ್ತರಾದರು. ಇಂಥ ಸಹವಾಸವನ್ನು ಕಂಡರೆ ಯಾರ ಮನಸ್ಸು ತಾನೆ ತಂಪಾಗದು? ಆದರೆ ನಿಷ್ಠೆಯೊಂದನ್ನೇ ಹಿಡಿದರೆ ಅಪಾಯವುಂಟು. ಕಾಲೇಜಿನ ಆಟಗಾರನಿಗೆ ಆಡಲು ದೊರೆಯುವುದು ಸಾಮಾನ್ಯವಾಗಿ ನಾಲ್ಕು ಋತುಗಳು. ಕಲಿಸಲಾರದ ಸಹಾಯಕನನ್ನು ದಾಕ್ಷಿಣ್ಯಕ್ಕಾಗಿ ಇಟ್ಟುಕೊಂಡರೆ, ಆ ದಾಕ್ಷಿಣ್ಯದ ಬೆಲೆಯನ್ನು ತೆರುವವನು ಮುಖ್ಯನಲ್ಲ. ಮತ್ತೆ ಬಾರದ ನಾಲ್ಕು ವರ್ಷಗಳನ್ನು ಕಳೆದುಕೊಳ್ಳುವ ಹುಡುಗ. ಪರರ ಗಂಟಿನಿಂದ ದಾನ ಮಾಡಿ ದಾನಿಯೆನಿಸಿಕೊಳ್ಳುವುದು ಔದಾರ್ಯವಲ್ಲ.

ಮೂರನೆಯದು ಫಲದ ವಾದ. "ಗೆಲವು ಬಂದರೆ ಇರಲಿ, ಬಾರದಿದ್ದರೆ ಹೋಗಲಿ." ಇದು ಮೇಲ್ನೋಟಕ್ಕೆ ನಿಷ್ಪಕ್ಷಪಾತವಾಗಿ ಕಾಣುತ್ತದೆ. ಆದರೆ ಫಲವು ಒಬ್ಬನಿಂದ ಆಗತಕ್ಕದ್ದಲ್ಲ. ಜೋ ಬ್ರೇಡಿ ಎಂಬ ತರುಣರು 2019ರಲ್ಲಿ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಬಂದರು. ಆ ಋತುವಿನಲ್ಲಿ ತಂಡ 15 ಪಂದ್ಯಗಳನ್ನಾಡಿ 15ನ್ನೂ ಗೆದ್ದಿತು. ದೇಶದ ಅತ್ಯುತ್ತಮ ಸಹಾಯಕ ಶಿಕ್ಷಕನಿಗೆ 1996ರಿಂದ ಸಲ್ಲುತ್ತ ಬಂದಿರುವ ಬ್ರಾಯ್ಲ್ಸ್ ಪಾರಿತೋಷಕ ಅವರಿಗೆ ಸಂದಿತು. ಅದರ ಬಲದಿಂದ ವೃತ್ತಿಯ ತಂಡವೊಂದಕ್ಕೆ ಸಂಯೋಜಕರಾಗಿ ಹೋದವರನ್ನು 2021ರ ಡಿಸೆಂಬರಿನಲ್ಲಿ ಆ ತಂಡ ಕೆಲಸದಿಂದ ಬಿಡಿಸಿತು. ಎರಡು ವರ್ಷಗಳಲ್ಲಿ ಅವರ ಬುದ್ಧಿ ಮಂದವಾಯಿತೆ? ಹಾಗೆ ತಿಳಿಯಲು ಕಾರಣವಿಲ್ಲ. ಆಟಗಾರರು ಬೇರೆ, ಎದುರಾಳಿಗಳು ಬೇರೆ, ಮೇಲಿನವರು ಬೇರೆ. ಬಿತ್ತಿದವನು ಒಬ್ಬನೇ ಆದರೂ ಹೊಲ ಬೇರೆ, ಮಳೆ ಬೇರೆ.

ಹೀಗೆ ಮೂರು ವಾದಗಳೂ ಒಂದೊಂದು ಮೂಲೆಯನ್ನು ಬೆಳಗಿಸಿ ಉಳಿದ ಮನೆಯನ್ನು ಕತ್ತಲೆಯಲ್ಲಿ ಬಿಡುತ್ತವೆ. ಇನ್ನು ನನ್ನ ಸೋದರಳಿಯ ಹೇಳಿದ ಅಯೋವಾದ ಪ್ರಸಂಗವನ್ನು ನೋಡೋಣ.

ಅಯೋವಾದಲ್ಲಿ ಕರ್ಕ್ ಫೆರೆನ್ಟ್ಸ್ 1999ರಿಂದ ಮುಖ್ಯ ಶಿಕ್ಷಕರು. ಅವರ ಮಗ ಬ್ರಯನ್ 2017ರಿಂದ ಆಕ್ರಮಣದ ಸಂಯೋಜಕರಾಗಿದ್ದರು. ಬಂಧುಗಳ ನೇಮಕದ ವಿಷಯದಲ್ಲಿ ವಿಶ್ವವಿದ್ಯಾನಿಲಯಕ್ಕೆ ನಿಯಮವಿದ್ದ ಕಾರಣ, ಮಗನ ಕೆಲಸದ ಮೇಲ್ವಿಚಾರಣೆ ತಂದೆಗಲ್ಲ, ಕ್ರೀಡಾವಿಭಾಗದ ಅಧಿಕಾರಿಗೆ ಸೇರಿತ್ತು. 2022ರಲ್ಲಿ ತಂಡದ ಆಕ್ರಮಣ ತೀರ ದುರ್ಬಲವಾಗಿ, ಒಂದು ಪಂದ್ಯಕ್ಕೆ ಸರಾಸರಿ 18 ಅಂಕಗಳೂ ಬರಲಿಲ್ಲ. 2023ರ ಫೆಬ್ರವರಿಯಲ್ಲಿ ಅವರ ಕರಾರನ್ನು ತಿದ್ದಿದರು: ಸಂಬಳದಲ್ಲಿ 50,000 ಡಾಲರು ಕಡಮೆ ಮಾಡಿ 8,50,000ಕ್ಕೆ ಇಳಿಸಿದರು, ತಂಡ ಕಡಮೆಯೆಂದರೆ 7 ಪಂದ್ಯ ಗೆಲ್ಲಬೇಕು, ಪಂದ್ಯಕ್ಕೆ ಸರಾಸರಿ 25 ಅಂಕ ಗಳಿಸಬೇಕು, ಇಲ್ಲವಾದರೆ ಕರಾರು ಮುಂದುವರಿಯದು. ಐದನೆಯ ಪಂದ್ಯದಲ್ಲಿಯೇ ಚೆಂಡೆಸೆಯುವ ಪ್ರಧಾನ ಆಟಗಾರ ಗಾಯಗೊಂಡು ಋತುವಿನಿಂದ ಹೊರಬಿದ್ದ. ತಂಡ 6 ಗೆದ್ದು 2 ಸೋತಿದ್ದಾಗ, ಅಕ್ಟೋಬರ್ 30ರಂದು, ಈ ಋತುವಿನ ಅನಂತರ ಬ್ರಯನ್ ಮುಂದುವರಿಯುವುದಿಲ್ಲವೆಂದು ಕ್ರೀಡಾಧಿಕಾರಿಣಿ ಪ್ರಕಟಿಸಿದರು. ಅನಂತರದ ನಾಲ್ಕು ಪಂದ್ಯಗಳನ್ನೂ ತಂಡ ಗೆದ್ದಿತು. ಕಡೆಯ ಎರಡು ದೊಡ್ಡ ಪಂದ್ಯಗಳಲ್ಲಿ ಮಾತ್ರ 26–0, 35–0 ಎಂದು ಸೋತು, ಒಂದು ಅಂಕವನ್ನೂ ಗಳಿಸಲಿಲ್ಲ. ಅದೇ ವರ್ಷ ಬ್ರಾಯ್ಲ್ಸ್ ಪಾರಿತೋಷಕ ಯಾರಿಗೆ ಸಂದಿತು? ಅದೇ ಅಯೋವಾದ ರಕ್ಷಣಾ ಸಂಯೋಜಕ ಫಿಲ್ ಪಾರ್ಕರಿಗೆ. ಒಂದೇ ಮನೆಯಲ್ಲಿ, ಒಂದೇ ವರ್ಷ, ಒಬ್ಬ ಸಹಾಯಕನಿಗೆ ಹಾರ, ಇನ್ನೊಬ್ಬನಿಗೆ ವಿದಾಯ.

ಇಲ್ಲಿ ಅನ್ಯಾಯವಾಯಿತೆಂದು ಥಟ್ಟನೆ ಹೇಳಲು ಬಾರದು. ಅಳತೆಗೋಲನ್ನು ಮೊದಲೇ ತೋರಿಸಿದ್ದರು. ಬ್ರಯನ್ ಅದಕ್ಕೆ ಸಹಿ ಹಾಕಿದ್ದರು. ತೆಗೆಯುವ ಕಾರಣವನ್ನು ಮರೆಮಾಚಲಿಲ್ಲ. ಋತುವಿನ ಕೊನೆಯವರೆಗೂ ಅವರನ್ನು ಅವರ ಕೆಲಸದಲ್ಲಿ ಇರಗೊಟ್ಟರು. ತಂದೆಯ ಮಮತೆ ತಕ್ಕಡಿಯನ್ನು ಎಳೆಯದಂತೆ ತಕ್ಕಡಿಯನ್ನು ಬೇರೆಯವರ ಕೈಯಲ್ಲಿ ಕೊಟ್ಟಿದ್ದರು. ಇವೆಲ್ಲ ನ್ಯಾಯದ ಲಕ್ಷಣಗಳೇ ಸರಿ. ಆದರೂ ಕೊರತೆಯೊಂದು ಉಳಿಯುತ್ತದೆ. 25 ಎಂಬ ಸಂಖ್ಯೆ ಎಷ್ಟು ಬಂತೆಂದು ಹೇಳಬಲ್ಲದು. ಏಕೆ ಬರಲಿಲ್ಲವೆಂದು ಹೇಳಲಾರದು. ರಕ್ಷಣೆಯವರು ಎದುರಾಳಿಯಿಂದ ಚೆಂಡನ್ನು ಕಸಿದು ಗಳಿಸಿದ ಅಂಕವೂ ಆ ಸರಾಸರಿಗೆ ಸೇರುತ್ತಿತ್ತು. ಪ್ರಧಾನ ಆಟಗಾರನ ಗಾಯಕ್ಕೆ ಅದರಲ್ಲಿ ರಿಯಾಯಿತಿ ಇರಲಿಲ್ಲ. ಆಟದ ಒಟ್ಟು ಧೋರಣೆಗೆ ಎಲ್ಲ ತಂಡಗಳಲ್ಲಿಯೂ ಕೊನೆಯ ಹೊಣೆ ಮುಖ್ಯ ಶಿಕ್ಷಕನದು. ಆದರೆ ಸಂಖ್ಯೆಯನ್ನು ಕಟ್ಟಿದ್ದು ಸಹಾಯಕನ ಕೊರಳಿಗೆ. ನನ್ನ ಸೋದರಳಿಯನ "ಲೆಕ್ಕ ತುಂಬಲಿಲ್ಲ" ಎಂಬ ಮಾತು ನಿಜ. ಆದರೆ ಅದು ನನ್ನ ತಾಯಿಯ ಪ್ರಶ್ನೆಗೆ ಉತ್ತರವಲ್ಲ.

ಕಾರಣವನ್ನು ಬಹಿರಂಗವಾಗಿ ಹೇಳಿದ ಪ್ರಸಂಗ ಇದಾದರೆ, ಹೇಳಿದ ಕಾರಣವೇ ನಿಜವಾದ ಕಾರಣವೆ ಎಂದು ನ್ಯಾಯಸ್ಥಾನ ವಿಚಾರಿಸಬೇಕಾಗಿ ಬಂದ ಪ್ರಸಂಗವೂ ಒಂದುಂಟು. ಜೋ ಮೂರ್ ಎಂಬುವರು 1988ರಿಂದ 1996ರ ವರೆಗೆ ನೋಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ಮುಂದಿನ ಸಾಲಿನವರ ಶಿಕ್ಷಕರಾಗಿದ್ದರು. 1996ರ ಕೊನೆಯಲ್ಲಿ ಮುಖ್ಯ ಶಿಕ್ಷಕ ಲೂ ಹೋಲ್ಟ್ಸ್ ಬಿಟ್ಟರು. ಅವರ ಸ್ಥಾನಕ್ಕೆ ಬಂದ ಬಾಬ್ ಡೇವಿ ತಮ್ಮ ಪರಿವಾರದಲ್ಲಿ ಮೂರ್ ಅವರನ್ನು ಇಟ್ಟುಕೊಳ್ಳಲಿಲ್ಲ. ಆಗ ಮೂರ್ ಅವರ ವಯಸ್ಸು 64. ಅಮೆರಿಕದಲ್ಲಿ 40 ದಾಟಿದವರನ್ನು ವಯಸ್ಸಿನ ಕಾರಣದಿಂದ ಕೆಲಸದಿಂದ ತೆಗೆಯಕೂಡದೆಂದು 1967ರಲ್ಲಿಯೇ ಶಾಸನವಾಗಿದೆ. ಅದರ ಆಧಾರದ ಮೇಲೆ ಅವರು ದಾವೆ ಹೂಡಿದರು. ಆಟಗಾರರೊಡನೆ ಅವರ ನಡತೆ ಕಠಿನವಾಗಿತ್ತು, ತೆಗೆದದ್ದು ಅದಕ್ಕಾಗಿ, ವಯಸ್ಸಿಗಾಗಿ ಅಲ್ಲ ಎಂದು ವಿಶ್ವವಿದ್ಯಾನಿಲಯ ವಾದಿಸಿತು. 1998ರ ಜುಲೈನಲ್ಲಿ ಜ್ಯೂರಿಯವರು ಮೂರ್ ಅವರ ಪಕ್ಷದಲ್ಲಿ ತೀರ್ಪಿತ್ತರು. ಹೋದ ಸಂಬಳವನ್ನು ಇಮ್ಮಡಿ ಮಾಡಿ ಸುಮಾರು 86,000 ಡಾಲರೂ, ಮುಂದಿನ ನಷ್ಟಕ್ಕಾಗಿ 75,000ಕ್ಕೆ ಮೇಲ್ಪಟ್ಟೂ ಕೊಡಬೇಕೆಂದಾಯಿತು. ಆದರೆ ತಮ್ಮನ್ನು ಮರಳಿ ಕೆಲಸಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆಯನ್ನು ನ್ಯಾಯಾಧೀಶರು ಒಪ್ಪಲಿಲ್ಲ. ನಡೆಯುತ್ತಿರುವ ವ್ಯವಸ್ಥೆ ಕೆಡುತ್ತದೆ, ಮನಸ್ತಾಪ ಬೆಳೆಯುತ್ತದೆ ಎಂದರು.

ಈ ತೀರ್ಪಿನ ಕೊನೆಯ ಭಾಗವನ್ನು ವಾಚಕರು ಗಮನಿಸಬೇಕು. ಅನ್ಯಾಯವಾಯಿತೆಂದು ಸಿದ್ಧಪಟ್ಟ ಮೇಲೂ ಅದನ್ನು ಹಿಂದಕ್ಕೆ ತಿರುಗಿಸುವ ದಾರಿಯಿರಲಿಲ್ಲ. ಒಡೆದ ಮಡಕೆಗೆ ಬೆಲೆ ಕಟ್ಟಬಹುದು. ಆ ಮಡಕೆಯಲ್ಲಿ ನೀರು ತುಂಬಲಾಗದು. ಮೂರ್ 2003ರಲ್ಲಿ ತೀರಿಕೊಂಡರು. ದೇಶದಲ್ಲಿ ಅತ್ಯುತ್ತಮವಾದ ಮುಂದಿನ ಸಾಲಿಗೆ ಅವರ ಹೆಸರಿನಲ್ಲಿಯೇ 2015ರಲ್ಲಿ ಒಂದು ಪಾರಿತೋಷಕವನ್ನು ಸ್ಥಾಪಿಸಿದರು. ಒಬ್ಬ ವ್ಯಕ್ತಿಗಲ್ಲ, ಜೊತೆಯಾಗಿ ನಿಲ್ಲುವ ಇಡೀ ಸಾಲಿಗೆ ಕೊಡುವ ಮನ್ನಣೆ ಅದು. ತಡವಾಗಿ ಬಂದರೂ ಅರ್ಥವತ್ತಾದ ಮನ್ನಣೆ. ಆದುದರಿಂದ ಸಹಾಯಕನ ವಿಷಯದಲ್ಲಿ ನ್ಯಾಯವನ್ನು ಅನಂತರ ಮಾಡೋಣವೆಂದರೆ ಆಗದು. ತೆಗೆಯುವ ಮೊದಲು ಮಾಡಿದರೆ ಮಾತ್ರ ಅದು ನ್ಯಾಯ.

ನಮ್ಮ ಹಳ್ಳಿಗರು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ತಂಡ ಸೋತಾಗ ಜನ ಕೂಗುತ್ತಾರೆ. ಧನಸಹಾಯ ಮಾಡುವ ಹಳೆಯ ವಿದ್ಯಾರ್ಥಿಗಳು ಮುಖ ತಿರುಗಿಸುತ್ತಾರೆ. ಏನಾದರೂ ಮಾಡಿದೆವೆಂದು ತೋರಿಸಬೇಕಾಗುತ್ತದೆ. ಮುಖ್ಯನನ್ನು ತೆಗೆಯಬೇಕಾದರೆ ಕರಾರಿನಂತೆ ಬಹುದೊಡ್ಡ ಮೊತ್ತವನ್ನು ತೆರಬೇಕು. ಸಹಾಯಕನಿಗೆ ಅಷ್ಟು ಬೇಕಿಲ್ಲ. ಆಗ ಸಹಾಯಕನ ವಿಸರ್ಜನೆ ರೋಗಕ್ಕೆ ಔಷಧವಾಗಿ ಅಲ್ಲ, ಜನರ ಕೋಪಕ್ಕೆ ಶಾಂತಿಯಾಗಿ ನಡೆಯುತ್ತದೆ. ಎಮ್ಮೆಯ ಬೆನ್ನಿನಲ್ಲಿ ಗಾಯವಾಯಿತು. ಎತ್ತಿನ ಜ್ವರ ಹಾಗೆಯೇ ಇದೆ. ಮುಂದಿನ ವರ್ಷ ಇನ್ನೊಂದು ಎಮ್ಮೆಯನ್ನು ಹುಡುಕಬೇಕು.

ಋಣವು ಒಂದೇ ಕಡೆಯದಲ್ಲ. ಸಹಾಯಕನ ಕಡೆಯಿಂದಲೂ ಸಲ್ಲತಕ್ಕದ್ದುಂಟು. ಹೆಚ್ಚಿನ ಪದವಿ ಕರೆದಾಗ ಹೋಗುವುದು ತಪ್ಪಲ್ಲ. ಹೇಗೆ ಹೋಗಬೇಕೆಂಬುದು ಪ್ರಶ್ನೆ. ಕರ್ಬಿ ಸ್ಮಾರ್ಟ್ ಅಲಬಾಮಾದಲ್ಲಿ ಸೇಬನ್ನರ ರಕ್ಷಣಾ ಸಂಯೋಜಕರಾಗಿದ್ದರು. 2015ರ ಡಿಸೆಂಬರಿನಲ್ಲಿ ಜಾರ್ಜಿಯಾ ವಿಶ್ವವಿದ್ಯಾನಿಲಯ ಅವರನ್ನು ಮುಖ್ಯ ಶಿಕ್ಷಕರನ್ನಾಗಿ ಕರೆಯಿತು. ಅವರು ಒಪ್ಪಿಕೊಂಡರು, ಆದರೆ ಅಲಬಾಮಾದ ಋತು ಮುಗಿಯುವ ತನಕ ಅಲ್ಲಿಯ ಕೆಲಸವನ್ನೂ ಬಿಡಲಿಲ್ಲ. 2016ರ ಜನವರಿ 11ರಂದು ತಂಡ ಕ್ಲೆಮ್ಸನ್ನಿನ ಮೇಲೆ 45–40ರಿಂದ ಗೆದ್ದು ರಾಷ್ಟ್ರದ ಅಗ್ರಸ್ಥಾನ ಪಡೆದ ಬಳಿಕ ಹೊರಟರು. ಮರುವರ್ಷ ಅಲ್ಲಿಯೇ ಆಕ್ರಮಣ ಸಂಯೋಜಕರಾಗಿದ್ದ ಲೇನ್ ಕಿಫಿನ್ನರಿಗೂ ಅಂಥದೇ ಕರೆ ಬಂದಿತು. ಅವರೂ ಕೊನೆಯವರೆಗೆ ಇರತಕ್ಕದ್ದೆಂದು ಏರ್ಪಾಡಾಗಿತ್ತು. ಆದರೆ ಅಂತಿಮ ಪಂದ್ಯಕ್ಕೆ ಒಂದು ವಾರ ಉಳಿದಿರಲು, 2017ರ ಜನವರಿ 2ರಂದು, ಬೇರ್ಪಡುವುದೇ ಲೇಸೆಂದು ಅವರೂ ಸೇಬನ್ನರೂ ಪ್ರಕಟಿಸಿದರು. ಆ ಪಂದ್ಯಕ್ಕೆ ಸ್ಟೀವ್ ಸಾರ್ಕಿಸಿಯನ್ ನಿಂತರು. ಅಲಬಾಮಾ ಒಂದು ಸೆಕೆಂಡು ಉಳಿದಿರುವಾಗ ಎದುರಾಳಿ ಗಳಿಸಿದ ಅಂಕಗಳಿಂದ 35–31ರಲ್ಲಿ ಸೋತಿತು. ಬದಲಾವಣೆಯಿಂದಲೇ ಸೋಲಾಯಿತೆಂದು ಯಾರೂ ಸಾಧಿಸಲಾರರು. ನಾನೂ ಹಾಗೆ ಹೇಳುವುದಿಲ್ಲ. ಎರಡು ಮನೆಗಳಿಗೆ ಏಕಕಾಲದಲ್ಲಿ ಮನಸ್ಸು ಕೊಡುವುದು ಎಷ್ಟು ಕಠಿನವೆಂಬುದು ಮಾತ್ರ ಇದರಿಂದ ತಿಳಿಯುತ್ತದೆ. ಅದನ್ನು ಸಾಧಿಸಿದವನಿಗೆ ಹೆಚ್ಚಿನ ಗೌರವ ಸಲ್ಲಬೇಕು. ಸಾಧ್ಯವಿಲ್ಲವೆಂದು ತಿಳಿದವರು ಮುಖಾಮುಖಿ ಹೇಳಿಕೊಂಡು ಬೇರ್ಪಡುವುದೂ ಪ್ರಾಮಾಣಿಕತೆಯೇ. ಮೈ ಇಲ್ಲಿರಿಸಿ ಮನಸ್ಸನ್ನು ಅಲ್ಲಿರಿಸಿ ಶಲ್ಯಸಾರಥ್ಯ ಮಾಡುವುದಕ್ಕಿಂತ ಅದು ಎಷ್ಟೋ ಮೇಲು.

ಇದುವರೆಗೆ ಸ್ವಾಮಿ, ಸೇವಕ ಎಂಬಿಬ್ಬರ ಮಾತಾಯಿತು. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಅವನನ್ನು ಎಲ್ಲರೂ ಮರೆಯುತ್ತಾರೆ. ಅವನೇ ಆಟವಾಡುವ ಹುಡುಗ. ದೂರದ ಊರಿನ ಆ ಹುಡುಗನ ಮನೆಗೆ ಹೋಗಿ, ಅವನ ತಾಯಿಯ ಎದುರು ಕುಳಿತು, "ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಮಾತು ಕೊಡುವವನು ಬಹುಮಟ್ಟಿಗೆ ಸಹಾಯಕನೇ. ಹುಡುಗ ನಂಬುವುದು ವಿಶ್ವವಿದ್ಯಾನಿಲಯದ ಮುದ್ರೆಯನ್ನಲ್ಲ, ಎದುರಿಗೆ ಕುಳಿತ ಆ ಮನುಷ್ಯನನ್ನು. 1964ರಿಂದ 2024ರ ವರೆಗೆ ಇಂಥ ಹುಡುಗರು ಸಹಿ ಹಾಕುತ್ತಿದ್ದ ಒಪ್ಪಿಗೆ ಪತ್ರವೊಂದಿತ್ತು. ತಾನು ಒಪ್ಪಿಕೊಂಡದ್ದು ವಿದ್ಯಾಸಂಸ್ಥೆಯನ್ನೇ ಹೊರತು ಯಾವೊಬ್ಬ ಶಿಕ್ಷಕನನ್ನೂ ಅಲ್ಲ, ಶಿಕ್ಷಕನು ಬಿಟ್ಟುಹೋದರೂ ತಾನು ಬದ್ಧನೇ, ಎಂಬ ಅರ್ಥ ಅದರಲ್ಲಿ ಸ್ಪಷ್ಟವಾಗಿರುತ್ತಿತ್ತು. 2015ರ ಫೆಬ್ರವರಿಯಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹುಡುಗರು ಸಹಿ ಹಾಕಿದ ಮರುದಿನವೇ ಅಲ್ಲಿ ಓಟಗಾರರ ಶಿಕ್ಷಕರಾಗಿದ್ದವರು ವೃತ್ತಿಯ ತಂಡಕ್ಕೆ ಹೊರಟರೆಂದು ತಿಳಿದುಬಂದಿತು. ಅವರನ್ನು ನಂಬಿ ಸಹಿ ಹಾಕಿದ್ದ ಓಟಗಾರ ತನ್ನ ನೋವನ್ನು ಬಹಿರಂಗವಾಗಿಯೇ ಹೇಳಿಕೊಂಡ. ಕಾನೂನಿನ ಪ್ರಕಾರ ಅವನಿಗೆ ಮೋಸವಾಗಿರಲಿಲ್ಲ. ಆದರೆ ಆ ಕಾನೂನಿನಲ್ಲಿ ಕಟ್ಟು ಬಿದ್ದವನು ಹದಿನೆಂಟರ ಹುಡುಗ; ಬಿಟ್ಟ ಬಾಣದಂತೆ ಹಾರಬಹುದಾದವರು ದೊಡ್ಡವರು. ಆ ಪತ್ರದ ಪದ್ಧತಿಯನ್ನು ಈಗ ರದ್ದುಮಾಡಿದ್ದಾರೆ. 2021ರಿಂದ ಆಟಗಾರರಿಗೂ, ಒಂದು ವರ್ಷ ಸುಮ್ಮನೆ ಕಾಯದೆ, ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗಿ ಆಡುವ ಅವಕಾಶ ದೊರೆತಿದೆ. ಹುಡುಗರು ನಿಷ್ಠೆಯಿಲ್ಲದೆ ಊರೂರು ಸುತ್ತುತ್ತಾರೆಂದು ಹಿರಿಯರು ಗೊಣಗುತ್ತಾರೆ. ಹುಡುಗರು ಆ ಪಾಠವನ್ನು ಕಲಿತದ್ದು ಯಾರಿಂದ?

ಹಾಗಾದರೆ ಸಹಾಯಕನನ್ನು ಬದಲಾಯಿಸಲೇಕೂಡದೆ? ನಾನು ಹಾಗೆ ಹೇಳಲಾರೆ. ಕಲಿಸಲಾರದವನನ್ನೂ, ಹುಡುಗರನ್ನು ಕೆಡಿಸುವವನನ್ನೂ ತೆಗೆಯದೆ ಇರುವುದು ಪಾಪ. ನಾನು ಕೇಳುವುದು ಮೂರು ಮಾತು. ಒಂದು: ಅವನಿಗೆ ಹೇಳುವ ಕಾರಣ ನಿಜವಾದ ಕಾರಣವೇ ಆಗಿರಲಿ, ಮುಖಕ್ಕೆ ಹೇಳಲು ಬಾರದ ಕಾರಣ ನ್ಯಾಯಸಮ್ಮತವಾದ ಕಾರಣವಾಗಿರುವುದು ಅಪರೂಪ. ಎರಡು: ತೆಗೆಯುವವನು ಸೋಲಿನಲ್ಲಿ ತನ್ನ ಪಾಲೆಷ್ಟೆಂದು ಮೊದಲು ಎಣಿಸಿ, ಅದನ್ನು ತನ್ನ ಹೆಸರಿಗೆ ಬರೆದುಕೊಂಡು, ಉಳಿದದ್ದನ್ನು ಮಾತ್ರ ಸಹಾಯಕನ ಹೆಸರಿಗೆ ಬರೆಯಲಿ. ಮೂರು: ಸಹಾಯಕನ ಬಾಯಿಂದ ಸಂಸ್ಥೆ ಕೊಟ್ಟ ಮಾತನ್ನು, ಅವನು ಹೋದ ಮೇಲೂ ಸಂಸ್ಥೆ ನಡೆಸಲಿ. ಈ ಮೂರೂ ನಡೆದ ಕಡೆ ಬದಲಾವಣೆ ನೋವನ್ನು ತರಬಹುದು, ಅವಮಾನವನ್ನು ತರದು.

ಇದನ್ನು ದೂರದಲ್ಲಿ ಕುಳಿತು ಪರರಿಗೆ ಮಾಡುವ ಉಪದೇಶವೆಂದು ವಾಚಕರು ತಿಳಿಯಬಾರದು. ಬಹಳ ವರ್ಷಗಳ ಹಿಂದೆ ನಾನು ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಒಂದು ವರ್ಷ ಗಣಿತದಲ್ಲಿ ಫಲಿತಾಂಶ ಬಹಳ ಇಳಿಯಿತು. ಗಣಿತ ಹೇಳುತ್ತಿದ್ದವರು ಹಂಗಾಮಿಯಾಗಿ ನೇಮಕಗೊಂಡಿದ್ದ ಒಬ್ಬ ತರುಣ ಉಪಾಧ್ಯಾಯರು. ಎರಡು ತರಗತಿಗಳ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಅವರಿಗೆ ಒಪ್ಪಿಸಿದವನು ನ���ನು. ವೇಳಾಪಟ್ಟಿಯಲ್ಲಿ ಗಣಿತವನ್ನು ಊಟದ ಅನಂತರದ ತೂಕಡಿಕೆಯ ಹೊತ್ತಿಗೆ ತಳ್ಳಿದವನೂ ನಾನು. ಆಡಳಿತ ಮಂಡಲಿಯವರು ಕಾರಣ ಕೇಳಿದಾಗ, "ಗಣಿತದ ಮೇಷ್ಟರು ಸಾಲದು" ಎಂದೆ. ಅವರನ್ನು ಮುಂದಿನ ವರ್ಷಕ್ಕೆ ತೆಗೆದುಕೊಳ್ಳಲಿಲ್ಲ. ಹೊರಡುವ ದಿನ ಅವರು ನನ್ನ ಕೊಠಡಿಗೆ ಬಂದು, "ಸಾರ್, ನನ್ನ ಪಾಠದಲ್ಲಿ ಏನು ಕುಂದು ಕಂಡಿತೆಂದು ತಿಳಿಸಿದರೆ ಮುಂದೆ ತಿದ್ದಿಕೊಳ್ಳುತ್ತೇನೆ" ಎಂದು ಕೇಳಿದರು. ಕೋಪವಿಲ್ಲದೆ, ವಿನಯದಿಂದ ಕೇಳಿದರು. "ಅದು ಮಂಡಲಿಯವರ ತೀರ್ಮಾನ" ಎಂದು ಹೇಳಿ ನಾನು ಕಾಗದಗಳ ಕಡೆಗೆ ತಿರುಗಿಕೊಂಡೆ. ಅವರು ನಮಸ್ಕಾರ ಮಾಡಿ ಹೋದರು. ಮರುವರ್ಷ ಬೇರೆ ಉಪಾಧ್ಯಾಯರು ಬಂದರು; ವೇಳಾಪಟ್ಟಿ ಹಾಗೆಯೇ ಇತ್ತು; ಫಲಿತಾಂಶವೂ ಹಾಗೆಯೇ ಇತ್ತು.

ಅಯೋವಾದ ಸಂಗತಿ ಕೇಳಿದ ರಾತ್ರಿ ನನಗೆ ನಿದ್ರೆ ಬಾರದಿದ್ದುದು ಆ ಆಟದ ಮೇಲಣ ಆಸಕ್ತಿಯಿಂದಲ್ಲ. "ಅವನೇನು ತಪ್ಪು ಮಾಡಿದ್ದ?" ಎಂದು ನನ್ನ ತಾಯಿ ಕೇಳಿದ ಪ್ರಶ್ನೆಯನ್ನು ಅಂದು ಆ ಕೊಠಡಿಯಲ್ಲಿ ನನಗೆ ನಾನೇ ಕೇಳಿಕೊಳ್ಳಬೇಕಾಗಿತ್ತು. ಕೈಕೆಳಗಿನವರನ್ನು ನೇಮಿಸುವ, ಬಿಡಿಸುವ ಅಧಿಕಾರ ನಮ್ಮಲ್ಲಿ ಅನೇಕರಿಗೆ ಒಂದಿಲ್ಲೊಂದು ಕಾಲದಲ್ಲಿ ಬರುತ್ತದೆ. ಆ ದಿನ ಸಹಿ ಹಾಕುವ ಮೊದಲು ಆ ಮನುಷ್ಯನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಕಾರಣವನ್ನು ಅವನ ಮುಖ ನೋಡಿ ಹೇಳಲು ಪ್ರಯತ್ನಿಸಬೇಕು. ನಾಲಗೆ ಏಳದಿದ್ದರೆ ಲೇಖನಿಯನ್ನು ಕೆಳಗಿಡುವುದೇ ಲೇಸು.